ನಿಜವಾದ ಲೆಕ್ಕದಲ್ಲಿ ಡೊಮೇನ್ ಮತ್ತು ರೇಂಜ್ ಕಂಡುಹಿಡಿಯೋದು

ಒಂದು ಫಂಕ್ಷನ್ ಒಳಗೆ ಹಾಕಬಹುದಾದ ಬೆಲೆಗಳೆಲ್ಲ ಸೇರಿದ್ರೆ ಡೊಮೇನ್, ಅವನ್ನ ಹಾಕಿದಾಗ ಹೊರಗೆ ಬರೋ ಬೆಲೆಗಳೆಲ್ಲ ಸೇರಿದ್ರೆ ರೇಂಜ್. ಇಷ್ಟನ್ನ ಎಲ್ಲರೂ ಬಾಯಿಪಾಠ ಹೇಳ್ತಾರೆ, ಆದ್ರೆ ನೀರಿನ ಟ್ಯಾಂಕೋ ಚೆಂಡೋ ಇರೋ ಒಂದು ಲೆಕ್ಕ ಕೊಟ್ಟು ಡೊಮೇನ್ ಏನು ಅಂತ ಕೇಳಿದ ಕೂಡ್ಲೇ 'ಎಲ್ಲಾ ವಾಸ್ತವ ಸಂಖ್ಯೆಗಳು' ಅಂತ ಬರೆದುಬಿಡೋರು ತುಂಬಾ ಜನ, ಯಾಕಂದ್ರೆ ಕಣ್ಣು ಸೂತ್ರದ ಮೇಲೇ ನಿಂತಿರತ್ತೆ, ಆ ಸೂತ್ರ ಯಾವುದರ ಲೆಕ್ಕ ಅನ್ನೋದು ಮರೆತೇ ಹೋಗಿರತ್ತೆ.

500 ಲೀಟರ್ ತುಂಬಿರೋ ಟ್ಯಾಂಕಿಂದ ನಿಮಿಷಕ್ಕೆ 20 ಲೀಟರ್ ಒಂದೇ ಸಮನೆ ಹೊರಗೆ ಹೋಗ್ತಿದೆ ಅಂದ್ಕೊಳ್ಳಿ. ಉಳಿದ ನೀರು = 500 − 20 × ನಿಮಿಷ. ಇದಕ್ಕೆ 40 ನಿಮಿಷ ಅಂತ ಹಾಕಿದ್ರೂ ಸೂತ್ರ ಏನೂ ತಕರಾರು ಮಾಡಲ್ಲ, −300 ಲೀಟರ್ ಅಂತ ಉತ್ತರ ಕೊಡತ್ತೆ! ಟ್ಯಾಂಕು 25ನೇ ನಿಮಿಷಕ್ಕೇ ಖಾಲಿ, ಹಾಗಾಗಿ ಡೊಮೇನ್ 0ಯಿಂದ 25 ನಿಮಿಷ, ರೇಂಜ್ 0ಯಿಂದ 500 ಲೀಟರ್.

ಇಲ್ಲಿ ಎರಡು ತುದಿ ಹಾಕಿ ನೋಡಿದ್ರೆ ರೇಂಜ್ ಸಿಕ್ಕಿಬಿಡ್ತು, ಆದ್ರೆ ಗ್ರಾಫ್ ಸರಳರೇಖೆ ಆಗಿದ್ದಕ್ಕೆ ಸಿಕ್ಕಿದ್ದು ಅದು, ಯಾವಾಗ್ಲೂ ಹಾಗಾಗಲ್ಲ. 40 ಮೀಟರ್ ಹಗ್ಗವನ್ನ ಪೂರ್ತಿ ಬಳಸಿ ಒಂದು ಆಯತ ಮಾಡಬೇಕು ಅಂದ್ರೆ ಉದ್ದ ಅಗಲ ಸೇರಿ 20 ಮೀಟರ್ ಆಗತ್ತೆ, ಅಂದ್ರೆ ವಿಸ್ತೀರ್ಣ = ಅಗಲ × (20 − ಅಗಲ). ಅಗಲ 0 ಇರೋ ಹಾಗಿಲ್ಲ, 20 ಕೂಡ ಇರೋ ಹಾಗಿಲ್ಲ, ಎರಡರಲ್ಲೂ ಆಯತವೇ ಉಳಿಯಲ್ಲ, ಅದಕ್ಕೆ ಡೊಮೇನ್ 0 ಮತ್ತು 20ರ ಮಧ್ಯೆ, ತುದಿಗಳನ್ನ ಬಿಟ್ಟು. ಈಗ ರೇಂಜ್‌ಗೆ ತುದಿಗಳನ್ನ ನಂಬ್ಕೊಂಡ್ರೆ ಎರಡು ಕಡೆನೂ ಸೊನ್ನೆನೇ ಬರತ್ತೆ, ಏನೂ ತಿಳಿಯಲ್ಲ. ಒಳಗಿನ ಬೆಲೆಗಳನ್ನ ಹಾಕಿ ನೋಡಿ: 5ಕ್ಕೆ 75, 8ಕ್ಕೆ 96, 10ಕ್ಕೆ 100, 12ಕ್ಕೆ ಮತ್ತೆ 96. ಏರಿ ಇಳಿಯತ್ತೆ, ನೆತ್ತಿ ಇರೋದು 10ರಲ್ಲಿ. ಹಾಗಾಗಿ ರೇಂಜ್ ಅಂದ್ರೆ 0ಗಿಂತ ಜಾಸ್ತಿ, 100 ಚದರ ಮೀಟರ್‌ವರೆಗೆ, 100 ಕೂಡ ಸೇರಿ. ಅನುಮಾನ ಇದ್ರೆ ಉಲ್ಟಾ ಹೋಗಿ ಚೆಕ್ ಮಾಡಬಹುದು, ನನಗೆ ತುಂಬಾ ಇಷ್ಟವಾದ ದಾರಿ ಇದು: ವಿಸ್ತೀರ್ಣ 120 ಬರಬೇಕು ಅಂತ ಇಟ್ಕೊಂಡು ಅಗಲ ಹುಡುಕಿದ್ರೆ ಅಗಲ² − 20 × ಅಗಲ + 120 = 0 ಅನ್ನೋ ವರ್ಗ ಸಮೀಕರಣ ಬರತ್ತೆ, ಅದರ ಶೋಧಕ (b² − 4ac, ಇದು ಋಣ ಆದ್ರೆ ವಾಸ್ತವ ಉತ್ತರ ಇರಲ್ಲ) 400 − 480, ಅಂದ್ರೆ −80, ಋಣ ಬಂತು, ಅಂಥ ಅಗಲ ಇಲ್ಲವೇ ಇಲ್ಲ, 120 ರೇಂಜಿನ ಹೊರಗೆ.

ಕೆಲವು ಸಲ ಮಿತಿ ಹಾಕೋದು ಪ್ರಕೃತಿನೇ. ಸೆಲ್ಸಿಯಸ್‌ನ ಫ್ಯಾರನ್‌ಹೀಟ್‌ಗೆ ಬದಲಾಯಿಸೋ ಫಂಕ್ಷನ್‌ನಲ್ಲಿ −273.15ಕ್ಕಿಂತ ಕೆಳಗೆ ಉಷ್ಣತೆ ಅನ್ನೋದೇ ಇಲ್ಲ, ಆದ್ದರಿಂದ ರೇಂಜ್ ಕೂಡ −459.67ರಿಂದ ಶುರು.

ಇನ್ನೊಂದು, ಎಣಿಸೋ ವಸ್ತುವಾ ಅಳೆಯೋ ವಸ್ತುವಾ ಅಂತ ಮೊದಲೇ ನೋಡ್ಕೊಳ್ಳಿ. 50 ಸೀಟಿನ ಬಸ್ಸಲ್ಲಿ 120 ಜನ ಹೋಗಬೇಕು ಅಂದ್ರೆ ಭಾಗಾಕಾರ 2.4 ಅನ್ನತ್ತೆ, ಬೇಕಾಗೋದು 3 ಬಸ್. ಇಲ್ಲಿ ಡೊಮೇನೂ (ಜನ) ಪೂರ್ಣ ಸಂಖ್ಯೆ, ರೇಂಜೂ (ಬಸ್) ಪೂರ್ಣ ಸಂಖ್ಯೆ, ಗ್ರಾಫ್ ಬಿಡಿಸುವಾಗ ಬಿಡಿ ಬಿಡಿ ಚುಕ್ಕಿ ಇಡಬೇಕು, ಗೆರೆ ಎಳೆದು ಸೇರಿಸಬಾರದು.