ಜರ್ನಿಮನ್ ಎಂಬ ದಿನಗೂಲಿ

ಹೋದ ತಿಂಗಳು ಅಕ್ಕನ ಮಗ ಫೋನು ಹಿಡಿದುಕೊಂಡೇ ಬಂದು, "ಮಾವ, ಜರ್ನಿಮನ್ ಅಂದ್ರೆ ಊರೂರು ಸುತ್ತೋನು ತಾನೆ?" ಎಂದ. ಮೈಸೂರಿನಲ್ಲಿ ಕಾಲೇಜು ಓದುವ ಹುಡುಗ. ಭಾನುವಾರ ಬೆಳಿಗ್ಗೆ ಇಲ್ಲಿ ಓದಲು ಬಂದಿರುವ ಆಫ್ರಿಕಾದ ವಿದ್ಯಾರ್ಥಿಗಳ ಜತೆ ಫುಟ್‌ಬಾಲ್ ಆಡಿ, ಮೊಣಕಾಲು ತರಚಿಕೊಂಡು ಬರುತ್ತಾನೆ. ಅವನದು ಹಿಂದೆ ನಿಂತು ಎದುರಾಳಿಗಳನ್ನು ತಡೆಯುವ ಡಿಫೆಂಡರ್ ಜಾಗ. ಯಾವನೋ ವಿದೇಶಿ ಡಿಫೆಂಡರ್ ಬಗ್ಗೆ ಓದುತ್ತಿದ್ದನಂತೆ, ಲೆಕ್ಕವಿಲ್ಲದಷ್ಟು ಕ್ಲಬ್ಬು, ನಾಲ್ಕಾರು ದೇಶ. ಜರ್ನಿ ಎಂದರೆ ಪ್ರಯಾಣ, ಮ್ಯಾನ್ ಎಂದರೆ ಮನುಷ್ಯ, ಇನ್ನೇನು ಕಷ್ಟ ಎಂದುಕೊಂಡು "ಹೂಂ ಕಣೋ" ಅಂದೆ. ರಾತ್ರಿ ಅನುಮಾನವಾಗಿ ನಿಘಂಟು ತೆಗೆದು ನೋಡಿದರೆ ಹುಡುಗನಿಗೆ ತಪ್ಪು ಹೇಳಿಕೊಟ್ಟಿದ್ದೆ.

ಈ ಪದದ ಬೇರು ಫ್ರೆಂಚಿನ 'ಜೂರ್ನೆ'. ಅದರರ್ಥ ಒಂದು ದಿನ, ಅಥವಾ ಒಂದು ದಿನದ ದುಡಿಮೆ. ಜರ್ನಲ್ ಎಂಬ ಮಾತೂ ಅದೇ ಬಳ್ಳಿಯ ಕಾಯಿ, ದಿನದಿನದ ಬರಹ. ಜರ್ನಿ ಎಂದರೂ ಮೊದಲಿಗೆ ಒಂದು ಹಗಲಿನಲ್ಲಿ ನಡೆದು ಮುಗಿಸುವಷ್ಟು ದಾರಿ ಎಂದೇ ಇತ್ತು. ಹಾಗಾಗಿ ಜರ್ನಿಮನ್ ಮೂಲದಲ್ಲಿ ಪ್ರಯಾಣಿಕನಲ್ಲ, ದಿನದ ಲೆಕ್ಕದಲ್ಲಿ ಕೂಲಿ ಪಡೆಯುವವನು. ಆದರೆ ಬರೀ ಕೂಲಿಯವನೂ ಅಲ್ಲ. ಯೂರೋಪಿನ ಹಳೆಯ ಕಸುಬುದಾರರ ಸಂಘಗಳಲ್ಲಿ ಮೂರು ಮೆಟ್ಟಿಲು ಇದ್ದವು. ಕೆಳಗೆ ಕೆಲಸ ಕಲಿಯುವ ಹುಡುಗ, ಮೇಲೆ ಸ್ವಂತ ಅಂಗಡಿ ಇಟ್ಟ ಯಜಮಾನ, ನಡುವೆ ಈ ಜರ್ನಿಮನ್. ಕಸುಬು ಪೂರ್ತಿ ಕಲಿತಿದ್ದಾನೆ, ಕೈ ಪಳಗಿದೆ, ಯಾರ ಅಂಗಡಿಗೆ ಹೋದರೂ ಕೆಲಸ ಸಿಗುತ್ತದೆ. ಅಂಗಡಿ ಮಾತ್ರ ಅವನದಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ಮಂಡ್ಯದ ಕಡೆ ನಮ್ಮ ಚಿಕ್ಕಪ್ಪನ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದವನು. ಕಬ್ಬು ಚಿಕ್ಕಪ್ಪನದು, ಗಾಣ ಚಿಕ್ಕಪ್ಪನದು, ಕೊಪ್ಪರಿಗೆಯೂ ಅವರದೇ. ಆದರೆ ಕಬ್ಬಿನ ಹಾಲು ಕುದಿದು ಉಕ್ಕಿ ಗಟ್ಟಿಯಾಗುವ ಹೊತ್ತಿಗೆ ಅಲ್ಲಿ ಚಿಕ್ಕಪ್ಪನ ಮಾತು ನಡೆಯುತ್ತಿರಲಿಲ್ಲ. ಆ ಮನುಷ್ಯ ಒಂದಿಷ್ಟು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, "ಇಳ್ಸಿ" ಎಂದರೆ ಇಳಿಸಬೇಕು. ಒಂದು ಗಳಿಗೆ ಮೊದಲಾದರೆ ಅಚ್ಚಿನಲ್ಲಿ ಬೆಲ್ಲ ನಿಲ್ಲುವುದಿಲ್ಲ, ತಡವಾದರೆ ಸೀದು ಕಪ್ಪಾಗುತ್ತದೆ. ಅವನು ಕಲಿಯುವ ಹುಡುಗನಲ್ಲ, ಆಲೆಮನೆಯ ಯಜಮಾನನೂ ಅಲ್ಲ. ಹಂಗಾಮು ಮುಗಿಯಿತೆಂದರೆ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೊರಡುತ್ತಿದ್ದ, ಮುಂದಿನ ಸಲ ಬಂದರೆ ಬಂದ. ಜರ್ನಿಮನ್ ಎಂದರೆ ಇವನೇ.

ಹಾಗಾದರೆ ಊರು ಸುತ್ತುವ ಅರ್ಥ ಎಲ್ಲಿಂದ ಅಂಟಿಕೊಂಡಿತು? ಸ್ವಂತ ಅಂಗಡಿ ಇಲ್ಲದವನು ಕೆಲಸ ಇರುವ ಕಡೆ ಹೋಗಲೇಬೇಕಲ್ಲ. ಜರ್ಮನಿಯಲ್ಲಂತೂ ಅದನ್ನೊಂದು ವ್ರತವನ್ನೇ ಮಾಡಿಬಿಟ್ಟಿದ್ದಾರೆ. ಕಲಿಕೆ ಮುಗಿಸಿದ ಬಡಗಿಗಳಲ್ಲಿ ಕೆಲವರು ಇವತ್ತಿಗೂ ಕರಿ ಬಟ್ಟೆ ತೊಟ್ಟು, ಮೂರು ವರ್ಷ ಒಂದು ದಿನ ಊರೂರಿನಲ್ಲಿ ದುಡಿಯುತ್ತಾ ತಿರುಗುತ್ತಾರೆ. ಅಷ್ಟು ದಿನ ಹುಟ್ಟೂರಿನ 50 ಕಿಲೋಮೀಟರ್ ಒಳಗೆ ಕಾಲಿಡುವಂತಿಲ್ಲ. ಮೈಸೂರಿನವನು ಈ ವ್ರತ ಹಿಡಿದರೆ ಮಂಡ್ಯದಲ್ಲೂ ಇಳಿಯುವಂತಿಲ್ಲ, ಮದ್ದೂರಿಗೆ ಹೋಗಿಯೇ ವಡೆ ತಿನ್ನಬೇಕು.

ಇನ್ನು ಫುಟ್‌ಬಾಲಿಗೆ ಬರೋಣ. ಇಂಗ್ಲಿಷ್ ಕ್ರೀಡಾ ವರದಿಗಳಲ್ಲಿ ಜರ್ನಿಮನ್ ಎಂದರೆ ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗುತ್ತಾ, ತಾರೆ ಎನಿಸಿಕೊಳ್ಳದೆ, ಕೆಲಸಕ್ಕೂ ಎಂದೂ ಬರ ಬರದೆ ವೃತ್ತಿಜೀವನ ಮುಗಿಸುವ ಆಟಗಾರ. ಹೊಗಳಿಕೆಯೂ ಹೌದು, ಕೊಂಚ ತಾತ್ಸಾರವೂ ಹೌದು. ಆದರೆ ಬರೀ ಕ್ಲಬ್ಬುಗಳನ್ನು ಎಣಿಸಿ ಈ ಹೆಸರು ಕೊಡುವುದು ಸರಿಯಲ್ಲ ಎಂದು ನನ್ನ ಅನಿಸಿಕೆ. ಉರುಗ್ವೆಯ ಸೆಬಾಸ್ಟಿಯನ್ ಅಬ್ರೆವು 2017ರಲ್ಲಿ ತನ್ನ 26ನೇ ಕ್ಲಬ್ ಸೇರಿ ಗಿನ್ನೆಸ್ ದಾಖಲೆ ಬರೆದವನು. ಆದರೆ ಅದೇ ಅಬ್ರೆವು 2010ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಘಾನಾ ವಿರುದ್ಧದ ಪೆನಾಲ್ಟಿ ಶೂಟೌಟ್‌ನ ಕೊನೆಯ ಒದೆತದಲ್ಲಿ, ಜಗತ್ತೇ ಉಸಿರು ಬಿಗಿ ಹಿಡಿದಿದ್ದಾಗ, ಚೆಂಡನ್ನು ಮೆಲ್ಲಗೆ ಎತ್ತಿ ಗೋಲಿನ ಮಧ್ಯಕ್ಕೆ ಬಿಟ್ಟವನು. ಅಂಥವನನ್ನು ಸಾಧಾರಣ ಆಟಗಾರರ ಸಾಲಿನಲ್ಲಿ ಕೂರಿಸುವುದು ಹೇಗೆ? ಕ್ರಿಕೆಟ್ಟಿನ ಭಾಷೆಯಲ್ಲೇ ಬೇಕೆಂದರೆ, ಆರನ್ ಫಿಂಚ್ ಐಪಿಎಲ್‌ನಲ್ಲಿ ಒಂಬತ್ತು ತಂಡಗಳ ಅಂಗಿ ತೊಟ್ಟ. ಆಸ್ಟ್ರೇಲಿಯಾಕ್ಕೆ 2021ರ ಟಿ20 ವಿಶ್ವಕಪ್ ಗೆದ್ದುಕೊಟ್ಟ ನಾಯಕನೂ ಅವನೇ. ಇಂಥವರ ಕ್ಲಬ್ ಪಟ್ಟಿ ಉದ್ದ, ಅಷ್ಟೆ.

ನನ್ನ ಕೇಳಿದರೆ ಪದದ ಹಳೆಯ ಅರ್ಥಕ್ಕೆ ಅತಿ ಹತ್ತಿರ ನಿಲ್ಲುವವನು ಡಿಫೆಂಡರ್, ಅದರಲ್ಲೂ ನಮ್ಮವರು ಸ್ಟಾಪರ್ ಎಂದು ಕರೆಯುವ ನಡುವಿನವನು. ಸ್ಟ್ರೈಕರ್‌ಗೆ ಗೋಲುಗಳ ಲೆಕ್ಕವಿದೆ, ಅದೇ ಅವನ ಅಂಕಪಟ್ಟಿ. ಡಿಫೆಂಡರ್ ಚೆನ್ನಾಗಿ ಕೆಲಸ ಮಾಡಿದ ದಿನ ಏನೂ ಆಗಿರುವುದಿಲ್ಲ. ಆಗಬಹುದಾಗಿದ್ದ ಗೋಲು ಆಗಲಿಲ್ಲ ಎಂಬುದನ್ನು ಯಾವ ಪಟ್ಟಿಯಲ್ಲಿ ಬರೆಯುವುದು? ತಪ್ಪಿದ ದಿನ ಮಾತ್ರ ಎಲ್ಲರಿಗೂ ಕಾಣುತ್ತಾನೆ. ಬೆಲ್ಲ ಸೀದರೆ ಪಾಕದವನ ಹೆಸರು, ಚೆನ್ನಾಗಿ ಬಂದರೆ ಕಬ್ಬಿನ ತಳಿಯ ಹೆಸರು!

ಜತೆಗೆ ಈ ಕೆಲಸ ಒಬ್ಬನಿಂದ ಆಗುವುದೂ ಅಲ್ಲ. ಆಫ್‌ಸೈಡ್ ಬಲೆ, ಎಂದರೆ ಎದುರಾಳಿಯನ್ನು ನಿಯಮ ಒಪ್ಪದ ಜಾಗದಲ್ಲಿ ಸಿಕ್ಕಿಸುವ ತಂತ್ರ, ಬೀಸಬೇಕಾದರೆ ಹಿಂಬದಿಯ ನಾಲ್ವರೂ ಒಂದೇ ಗೆರೆಯಲ್ಲಿ ಒಟ್ಟಿಗೆ ಮುಂದೆ ಸರಿಯಬೇಕು. ಒಬ್ಬ ಒಂದು ಹೆಜ್ಜೆ ಹಿಂದುಳಿದರೆ ಸಾಕು, ಎದುರಾಳಿ ಕಾಯ್ದೆಬದ್ಧವಾಗಿಯೇ ಒಳಗೆ ನುಗ್ಗುತ್ತಾನೆ. ಪರದೇಶದ ಕ್ಲಬ್ಬಿಗೆ ಸೀಸನ್ ನಡುವೆ ಬಂದವನಿಗೆ ಪಕ್ಕದವನ ಹೆಜ್ಜೆ ಗೊತ್ತಿರುವುದಿಲ್ಲ, ಭಾಷೆಯೂ ಬರುವುದಿಲ್ಲ. ಆದರೂ ಸ್ಟಾಪರ್ ಆದವನು ತೊಂಬತ್ತು ನಿಮಿಷವೂ ಬಾಯಿ ಮುಚ್ಚುವಂತಿಲ್ಲ. "ಮುಂದೆ ಬಾ", "ಹಿಂದೆ ಒಬ್ಬನಿದ್ದಾನೆ", "ಬಿಡು, ನಂದು" ಎಂದು ಕೂಗುತ್ತಲೇ ಇರಬೇಕು. ನಮ್ಮ ಹುಡುಗನ ಜತೆ ಆಡುವ ಆಫ್ರಿಕಾದವರು ಮೈದಾನದಲ್ಲಿ ಮೊದಲು ಕಲಿತ ಕನ್ನಡ ಪದ 'ಬಿಡು' ಅಂತೆ. ಹಾಲಿನ ಅಂಗಡಿಯಲ್ಲಿ ಒಬ್ಬ "ಒಂದು ಪ್ಯಾಕೆಟ್ ಬಿಡು" ಎಂದನಂತೆ.

ದಿನಗೂಲಿ ಎಂದು ನಾನು ಹೇಳುತ್ತಿರುವುದು ಅಲಂಕಾರಕ್ಕಲ್ಲ, ಒಪ್ಪಂದಗಳನ್ನು ನೋಡಿದರೆ ಹಾಗೇ ಇದೆ. ಫುಟ್‌ಬಾಲಿನ ಜಾಗತಿಕ ಸಂಸ್ಥೆ ಫಿಫಾದ ನಿಯಮದಂತೆ ವೃತ್ತಿಪರ ಆಟಗಾರನ ಒಪ್ಪಂದ ಕನಿಷ್ಠ ಆ ಸೀಸನ್ ಮುಗಿಯುವ ತನಕ ಇರಬೇಕು, ಸಾಮಾನ್ಯವಾಗಿ 5 ವರ್ಷ ಮೀರುವಂತಿಲ್ಲ. ತಾರೆಗಳಿಗೆ ಆ ಐದು. ನಮ್ಮ ಜರ್ನಿಮನ್‌ಗೆ ಒಂದು, ಹೆಚ್ಚೆಂದರೆ ಎರಡು. ಒಂದು ಸೀಸನ್ನಿನಲ್ಲಿ 3 ಕ್ಲಬ್‌ಗಳಿಗೆ ಹೆಸರು ನೋಂದಾಯಿಸಬಹುದು, ಆದರೆ ಅಧಿಕೃತ ಪಂದ್ಯ ಆಡಲು ಅವಕಾಶ ಇರುವುದು ಎರಡಕ್ಕೇ. ದೇಶ ಬದಲಾಯಿಸಿದರೆ ಹಳೆಯ ದೇಶದ ಸಂಸ್ಥೆಯಿಂದ ವರ್ಗಾವಣೆ ಪ್ರಮಾಣಪತ್ರ ಬರಬೇಕು, ಶಾಲೆಯ ಟಿ.ಸಿ. ಇದ್ದ ಹಾಗೆ. ಇನ್ನೊಂದು ಬಗೆ ಇದೆ, ಲೋನ್. ಪತ್ರಿಕೆಗಳಲ್ಲಿ 'ಸಾಲದ ಮೇಲೆ' ಎಂದು ಬರೆಯುವುದನ್ನು ನೋಡಿದ್ದೇನೆ. ಸಾಲ ಎಂದರೆ ಮಂಡ್ಯದವರಿಗೆ ಎದೆ ಧಸಕ್ಕೆನ್ನುತ್ತದೆ. ಅದು ಎರವಲು. ಉಳುಮೆಗೆ ಪಕ್ಕದ ಮನೆಯ ಎತ್ತು ತಂದ ಹಾಗೆ. ಮೇವು ಯಾರು ಹಾಕಬೇಕೆಂದು ಎರಡೂ ಮನೆಯವರು ಮೊದಲೇ ಮಾತಾಡಿಕೊಂಡಿರುತ್ತಾರೆ.

ಕ್ಲಬ್ ಸಂಬಳ ಕೊಡದಿದ್ದರೆ? ಎರಡು ತಿಂಗಳ ಸಂಬಳ ಬಾಕಿ ಬಿದ್ದರೆ ಆಟಗಾರ ಲಿಖಿತವಾಗಿ ಕೇಳಿ, 15 ದಿನ ಗಡುವು ಕೊಟ್ಟು, ಆಮೇಲೂ ಬರದಿದ್ದರೆ ಒಪ್ಪಂದ ಮುರಿದು ಹೊರಡಬಹುದು ಎಂದು ಫಿಫಾ ಕಾಯ್ದೆ ಹೇಳುತ್ತದೆ. ಕಾರ್ಖಾನೆಗೆ ಕಬ್ಬು ಹಾಕಿ ಬಟವಾಡೆಗೆ ಕಾದ ಮಂಡ್ಯದ ರೈತನಿಗೆ ಇಂಥದೊಂದು ಕಲಮು ಇದ್ದಿದ್ದರೆ ಎನಿಸಿತು. ಅದಿರಲಿ.

ಈ ವೃತ್ತಿಯನ್ನೇ ಬದಲಿಸಿದ ಒಂದು ತೀರ್ಪಿದೆ. ಬೆಲ್ಜಿಯಂನ ಜಾನ್-ಮಾರ್ಕ್ ಬೊಸ್ಮನ್ ಎಂಬ ಆಟಗಾರನಿಗೆ ಲಿಯೇಜ್ ಕ್ಲಬ್ಬಿನೊಂದಿಗಿನ ಒಪ್ಪಂದ 1990ರಲ್ಲಿ ಮುಗಿದಿತ್ತು. ಫ್ರಾನ್ಸಿನ ಡಂಕರ್ಕ್ ಕ್ಲಬ್ಬಿಗೆ ಹೋಗುತ್ತೇನೆ ಎಂದ. ಒಪ್ಪಂದ ಮುಗಿದರೂ ಹಣ ಕಟ್ಟದೆ ಬಿಡೆವು ಎಂದಿತು ಹಳೆಯ ಕ್ಲಬ್. ಐದು ವರ್ಷ ಕಾದಾಡಿದ. 1995ರ ಡಿಸೆಂಬರ್ 15ರಂದು ಯೂರೋಪಿನ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿಂದೀಚೆಗೆ ಒಪ್ಪಂದ ಮುಗಿಸಿದ ಆಟಗಾರ ಐರೋಪ್ಯ ಒಕ್ಕೂಟದ ಒಳಗೆ ಯಾರಿಗೂ ಹಣ ಕಟ್ಟಿಸದೆ ಬೇರೆ ಕ್ಲಬ್ ಸೇರಬಹುದಾಯಿತು. ಬಿಡುಗಡೆ ದೊಡ್ಡದೇ. ಆದರೆ ಬೊಸ್ಮನ್‌ನ ಸ್ವಂತ ಆಟ ಆ ಐದು ವರ್ಷದಲ್ಲಿ ಹಾಳಾಯಿತು. ಕ್ಲಬ್ಬುಗಳೂ ದಾರಿ ಕಂಡುಕೊಂಡವು: ಬೇಕಾದವನಿಗೆ ಉದ್ದನೆಯ ಒಪ್ಪಂದ, ಉಳಿದವನಿಗೆ ತುಂಡು ಒಪ್ಪಂದ.

ಇಂಥ ಕೈಗಳು ನಮ್ಮ ಪಕ್ಕದಲ್ಲೇ ದುಡಿದಿವೆ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ ಮೊದಲ ಸೀಸನ್ನಿನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದಿತು. ಎಲ್ಲರ ಬಾಯಲ್ಲೂ ಸುನಿಲ್ ಛೆಟ್ರಿ. ಹಿಂದೆ ಗೋಡೆಯಾಗಿ ನಿಂತಿದ್ದ ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ ಇಬ್ಬರೂ ಇಂಗ್ಲೆಂಡಿನ ಕೆಳ ದರ್ಜೆಯ ಲೀಗುಗಳಲ್ಲಿ ಆಡಿ ಬಂದವರು. 2016ರಲ್ಲಿ ಬಂದ ಸ್ಪೇನಿನ ಹುವಾನನ್ ಅದಕ್ಕೂ ಮುಂಚೆ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ಆಡಿದ್ದವನು. ಬೆಂಗಳೂರಲ್ಲಿ ಐದು ವರ್ಷ ನಿಂತ, ಆಮೇಲೆ ಹೈದರಾಬಾದಿಗೆ ಹೋದ. ಆ 2021-22ರ ಸೀಸನ್ನಿನಲ್ಲಿ ಹೈದರಾಬಾದ್ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ಗೆದ್ದಿತು. ಐದು ವರ್ಷ ಒಂದೇ ಕಡೆ ಇದ್ದವನನ್ನು ಜರ್ನಿಮನ್ ಎನ್ನಬಹುದೇ? ಪ್ರಯಾಣದ ಅರ್ಥ ಹಿಡಿದರೆ ಇಲ್ಲ. ಕಸುಬಿನ ಅರ್ಥ ಹಿಡಿದರೆ ಧಾರಾಳವಾಗಿ.

ನಮ್ಮವರು ಆಚೆ ಹೋಗಿದ್ದು ಅಪರೂಪ. ಡಿಫೆಂಡರ್ ಸಂದೇಶ್ ಝಿಂಗನ್ 2021ರಲ್ಲಿ ಕ್ರೊವೇಷಿಯಾದ ಶಿಬೆನಿಕ್ ಕ್ಲಬ್ ಸೇರಿದ. ಗಾಯ ಬಿಡಲಿಲ್ಲ. ಒಂದೂ ಅಧಿಕೃತ ಪಂದ್ಯ ಆಡದೆ 2022ರ ಜನವರಿಗೆ ವಾಪಸ್ಸಾದ. ಕೂಲಿಯವನ ಬಂಡವಾಳವೆಲ್ಲ ಮೈಯೊಂದೇ, ಅದು ಕೈಕೊಟ್ಟರೆ ಯಾವ ದೇಶವಾದರೇನು.

ಕನ್ನಡದಲ್ಲಿ ಏನೆನ್ನೋಣ? 'ಅಲೆಮಾರಿ ಆಟಗಾರ' ಬೇಡ, ಅದರಲ್ಲಿ ಗೊತ್ತುಗುರಿ ಇಲ್ಲದ ತಿರುಗಾಟದ ದನಿಯಿದೆ. 'ದಿನಗೂಲಿ' ಎಂದರೆ ಪಳಗಿದ ಕೈ ಮರೆಯಾಗುತ್ತದೆ. ನಾನು 'ಕಸುಬಾಳು' ಎಂದು ಹೊಸೆದೆ. ಹುಡುಗ ಒಪ್ಪಲಿಲ್ಲ.

"ಆಳು ಅಂದ್ರೆ ಬೇಜಾರು ಮಾಡ್ಕೊಳಲ್ವಾ ಮಾವ?"

"ಯಾಕೋ? ನಿಮ್ಮ ಚಿಕ್ಕತಾತ ವರ್ಷವಿಡೀ ಆಳು ಸಿಗ್ತಿಲ್ಲ, ಆಳು ಸಿಗ್ತಿಲ್ಲ ಅಂತ ಗೋಳಾಡ್ತಿರ್ತಾರೆ. ಬೇಕಾದವನ ಹೆಸರೇ ಅದು."

ಅಷ್ಟಕ್ಕೂ ಜರ್ನಿಮನ್ ಎಂದೇ ಬರೆದರೂ ನಷ್ಟವಿಲ್ಲ, ಒಳಗಿರುವುದು ದಾರಿಯಲ್ಲ, ದಿನ ಎಂದು ಗೊತ್ತಿದ್ದರಾಯಿತು.

ಮೊನ್ನೆ ಚಿಕ್ಕಪ್ಪನಿಗೆ ಫೋನು ಮಾಡಿದ್ದೆ. ಈ ಹಂಗಾಮಿಗೆ ಪಾಕ ನೋಡಲು ಬೇರೆ ಯಾರೋ ಬಂದಿದ್ದಾನಂತೆ. ಹಳೆಯವನು ಎಲ್ಲಿ ಎಂದು ಕೇಳಿದೆ. "ಪಾಂಡವಪುರದ ಕಡೆ ಎಲ್ಲೋ ಅವ್ನೆ ಅಂದ್ರು ಕಣಪ್ಪ. ಅಲ್ಲೂ ಬೆಲ್ಲ ಚೆನ್ನಾಗೇ ಬತ್ತಾ ಐತಂತೆ" ಎಂದರು, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.