ಎಪಿ ಆರ್ಟ್ ತರಗತಿ: ನಿರೀಕ್ಷೆ, ನಿಯಮ ಮತ್ತು ಅವುಗಳ ಹಿಂದಿನ ಕಾರಣ

ಅಮೆರಿಕದ ಹೈಸ್ಕೂಲುಗಳಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಓದು) ಆರ್ಟ್ ಅಂಡ್ ಡಿಸೈನ್ ಕೋರ್ಸಿಗೆ ಕೂತು ಬರೆಯುವ ಪರೀಕ್ಷೆ ಇಲ್ಲ. ವರ್ಷವಿಡೀ ಮಾಡಿದ ಕೆಲಸವನ್ನು ಪೋರ್ಟ್‌ಫೋಲಿಯೊ ಆಗಿ ಜೋಡಿಸಿ ಮೇ ತಿಂಗಳ ಆರಂಭದ ಹೊತ್ತಿಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಅದಕ್ಕೆ 1ರಿಂದ 5ರವರೆಗಿನ ಶ್ರೇಣಿಯಲ್ಲಿ ಅಂಕ ಸಿಗುತ್ತದೆ. ಮೌಲ್ಯಮಾಪಕರು ನಿಮ್ಮ ಕ್ಯಾನ್ವಾಸನ್ನಾಗಲಿ, ಮಣ್ಣಿನ ಶಿಲ್ಪವನ್ನಾಗಲಿ ಕಣ್ಣಾರೆ ನೋಡುವುದಿಲ್ಲ. ಅವರ ಕೈಗೆ ಸಿಗುವುದು ಫೋಟೊಗಳು ಮತ್ತು ಅವುಗಳ ಜೊತೆಗಿರುವ ಕೆಲವು ಸಾಲುಗಳಷ್ಟೇ. ತರಗತಿಯ ಬಹುಪಾಲು ನಿಯಮಗಳು ಹುಟ್ಟಿರುವುದು ಇಲ್ಲಿಂದಲೇ. ಶಿಸ್ತಿಗಾಗಿ ಮಾಡಿದಂತೆ ಕಾಣುವ ಎಷ್ಟೋ ಕಟ್ಟುಪಾಡುಗಳು ನಿಜವಾಗಿ ಸಾಕ್ಷ್ಯ ಉಳಿಸಿಕೊಳ್ಳುವ ಉಪಾಯಗಳು.

ಮೊದಲು ಲೆಕ್ಕ ತಿಳಿದಿರಲಿ. ಪೋರ್ಟ್‌ಫೋಲಿಯೊದಲ್ಲಿ ಮೂರು ಬಗೆ: ಡ್ರಾಯಿಂಗ್, 2-ಡಿ (ಸಮತಲ ವಿನ್ಯಾಸ), 3-ಡಿ (ಶಿಲ್ಪದಂಥ ಘನಾಕೃತಿ). ಯಾವುದನ್ನು ಆರಿಸಿಕೊಂಡರೂ ಒಳಗೆ ಎರಡು ಭಾಗ. ‘ಸಸ್ಟೇನ್ಡ್ ಇನ್ವೆಸ್ಟಿಗೇಶನ್’ ಎಂಬ ದೀರ್ಘ ಅನ್ವೇಷಣೆಗೆ 15 ಚಿತ್ರಗಳು, ಒಟ್ಟು ಅಂಕದ 60 ಶೇಕಡಾ. ‘ಸೆಲೆಕ್ಟೆಡ್ ವರ್ಕ್ಸ್’ ಎಂಬ ಆಯ್ದ ಕೃತಿಗಳ ಭಾಗಕ್ಕೆ 5 ಕೃತಿಗಳು, ಉಳಿದ 40 ಶೇಕಡಾ. 3-ಡಿ ಆದರೆ ಆಯ್ದ ಪ್ರತಿ ಕೃತಿಗೂ ಎರಡು ಕೋನದ ಫೋಟೊ ಬೇಕು, ಅಂದರೆ ಒಟ್ಟು 10. ಆಯ್ದ ಕೃತಿಗಳು ಅನ್ವೇಷಣೆಯ ಒಳಗಿನವೇ ಆಗಬಹುದು, ಬೇರೆಯೂ ಆಗಬಹುದು. ಒಂದೇ ವರ್ಷ ಎರಡು ಬಗೆಯ ಪೋರ್ಟ್‌ಫೋಲಿಯೊ ಸಲ್ಲಿಸಲು ಅಡ್ಡಿಯಿಲ್ಲ. ಆದರೆ ಒಂದರಲ್ಲಿ ಹಾಕಿದ ಕೃತಿಯನ್ನು ಇನ್ನೊಂದರಲ್ಲಿ ಹಾಕುವಂತಿಲ್ಲ.

15 ಚಿತ್ರ ಎಂದರೆ 15 ಮುಗಿದ ಕೃತಿ ಎಂದು ತಿಳಿದು ಹಲವರು ಮೊದಲ ತಿಂಗಳೇ ಗಾಬರಿಯಾಗುತ್ತಾರೆ. ಹಾಗಿಲ್ಲ. ಕರಡು, ಪರೀಕ್ಷಾ ತುಣುಕು, ಅರ್ಧ ಮುಗಿದ ಹಂತ, ಹತ್ತಿರದಿಂದ ತೆಗೆದ ವಿವರ ಇವೆಲ್ಲಕ್ಕೂ ಆ 15ರಲ್ಲಿ ಜಾಗವಿದೆ. ಹಾಗಂತ ಮೂರೇ ಕೃತಿಗಳನ್ನು ಹದಿನೈದು ಕಡೆಯಿಂದ ಫೋಟೊ ತೆಗೆದು ತುಂಬಿಸಿದರೆ ಅನ್ವೇಷಣೆ ಬೆಳೆದದ್ದು ಕಾಣುವುದಿಲ್ಲ.

ಪ್ರಶ್ನೆಯಿಂದ ಶುರು, ವಿಷಯದಿಂದಲ್ಲ

‘ಪ್ರಕೃತಿ’, ‘ಭಾವನೆಗಳು’, ‘ನನ್ನ ಗುರುತು’ ಇವು ವಿಷಯಗಳು. ಇವುಗಳನ್ನು ಹಿಡಿದು ಹೊರಟವರು ಐದನೇ ಚಿತ್ರದ ಹೊತ್ತಿಗೆ ಒಂದೇ ಬಗೆಯ ಚಿತ್ರವನ್ನು ಮತ್ತೆ ಮತ್ತೆ ಬರೆಯುತ್ತಿರುತ್ತಾರೆ, ಏಕೆಂದರೆ ಮುಂದೆ ಏನು ಮಾಡಬೇಕೆಂದು ಹೇಳುವ ಶಕ್ತಿ ವಿಷಯಕ್ಕಿಲ್ಲ. ಪ್ರಶ್ನೆಗೆ ಅದಿದೆ. ‘ಒಡೆದ ವಸ್ತುವನ್ನು ಮತ್ತೆ ಮತ್ತೆ ದುರಸ್ತಿ ಮಾಡುತ್ತಾ ಹೋದರೆ ಯಾವ ಹಂತದಲ್ಲಿ ಅದು ಬೇರೆಯೇ ವಸ್ತುವಾಗುತ್ತದೆ?’ ಎಂದು ಕೇಳಿಕೊಂಡರೆ ಕೆಲಸ ತಾನಾಗಿ ತೆರೆದುಕೊಳ್ಳುತ್ತದೆ: ಚಿತ್ರವನ್ನೇ ಹರಿದು ಅಂಟಿಸಬಹುದು, ಹೊಲಿಯಬಹುದು, ಅಚ್ಚಿನ ಫಲಕವನ್ನು ಪ್ರತಿ ಮುದ್ರಣದ ನಂತರ ಇನ್ನಷ್ಟು ಕೆತ್ತಬಹುದು. ಪ್ರಶ್ನೆ ಸರಿಯಿದೆಯೇ ಎಂದು ನೋಡಲು ಒಂದು ಸರಳ ಪರೀಕ್ಷೆ ಸಾಕು. ಅದನ್ನು ಓದಿದ ಕೂಡಲೇ ಮೂರು ಬೇರೆ ಬೇರೆ ಮಾಧ್ಯಮಗಳಲ್ಲಿ ಮಾಡಬಹುದಾದ ಮೂರು ಪ್ರಯೋಗಗಳು ಹೊಳೆಯಬೇಕು. ಹೊಳೆಯದಿದ್ದರೆ ಪ್ರಶ್ನೆ ಇನ್ನೂ ವಿಷಯವಾಗಿಯೇ ಉಳಿದಿದೆ.

ನಡುವೆ ಪ್ರಶ್ನೆ ಬದಲಾದರೆ ತಪ್ಪಿಲ್ಲ. ಬದಲಾದದ್ದಕ್ಕೆ ಕಾರಣ ಕೆಲಸದಲ್ಲೇ ಇರಬೇಕು, ಅಷ್ಟೇ. ನವೆಂಬರಿನಲ್ಲಿ ಬೇಸರವಾಯಿತೆಂದು ಪ್ರಶ್ನೆ ಬಿಟ್ಟು ಹೊಸದು ಹಿಡಿಯುವುದಕ್ಕೂ, ನಾಲ್ಕನೇ ಕೃತಿಯಲ್ಲಿ ಕಂಡ ಒಂದು ಸಂಗತಿಯನ್ನು ಹಿಂಬಾಲಿಸಿ ಪ್ರಶ್ನೆ ತಿರುಗುವುದಕ್ಕೂ ತುಂಬ ವ್ಯತ್ಯಾಸವಿದೆ.

ಮೌಲ್ಯಮಾಪನದಲ್ಲಿ ಪದೇ ಪದೇ ಬರುವ ಮೂರು ಮಾತು: ಅಭ್ಯಾಸ, ಪ್ರಯೋಗ, ಪರಿಷ್ಕರಣೆ. ಮೂರನೆಯದರಲ್ಲೇ ಹೆಚ್ಚಿನವರು ಎಡವುವುದು. ಮೂಗಿನ ನೆರಳು ಸರಿಪಡಿಸಿದ್ದು ಪರಿಷ್ಕರಣೆಯಲ್ಲ, ಅದು ತಿದ್ದುಪಡಿ. ಸಂಯೋಜನೆಯ ಅರ್ಧವನ್ನು ಗೆಸ್ಸೊ (ಚಿತ್ರಕ್ಕೆ ಮೊದಲು ಹಚ್ಚುವ ಬಿಳಿ ಆಧಾರ ಲೇಪ) ಬಳಿದು ಅಳಿಸಿ, ಏಕೆ ಅಳಿಸಿದಿರಿ ಎಂಬುದು ಮುಂದಿನ ಕೃತಿಯಲ್ಲಿ ಕಾಣುವಂತೆ ಮಾಡಿದರೆ ಅದು ಪರಿಷ್ಕರಣೆ. ಆದರೆ ಅಳಿಸುವ ಮುನ್ನ ಫೋಟೊ ತೆಗೆದಿರದಿದ್ದರೆ ಅದಕ್ಕೆ ಸಾಕ್ಷ್ಯವೇ ಇಲ್ಲ. ಆದ್ದರಿಂದಲೇ ‘ಪ್ರತಿ ತರಗತಿ ಮುಗಿಯುವ 5 ನಿಮಿಷ ಮೊದಲು ಕೆಲಸದ ಫೋಟೊ’ ಎಂಬ ನಿಯಮ. ಇಡೀ ನಿಯಮಪಟ್ಟಿಯಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ಇದನ್ನೇ ಉಳಿಸಿಕೊಳ್ಳಬೇಕು.

ಸ್ಕೆಚ್‌ಬುಕ್

ಪ್ರತಿ ಪುಟಕ್ಕೂ ದಿನಾಂಕ. ಹಾಳೆ ಹರಿಯುವಂತಿಲ್ಲ. ಕೆಟ್ಟ ಚಿತ್ರವನ್ನೂ ಉಳಿಸಬೇಕು, ಪಕ್ಕದಲ್ಲಿ ಏನು ಕೆಟ್ಟಿತೆಂದು ಒಂದು ಸಾಲು ಬರೆಯಬೇಕು. ದೊಡ್ಡ ಕೃತಿಗೆ ಕೈ ಹಾಕುವ ಮುನ್ನ ಬೆಂಕಿಪೊಟ್ಟಣದಷ್ಟು ಚಿಕ್ಕ ಕರಡುಗಳನ್ನು ಕನಿಷ್ಠ 6 ಮಾಡಿ. ಮೊದಲ ಎರಡು ಎಲ್ಲರಿಗೂ ಹೊಳೆಯುವಂಥವೇ ಆಗಿರುತ್ತವೆ: ವಸ್ತು ನಟ್ಟನಡುವೆ, ಹಿನ್ನೆಲೆ ಖಾಲಿ. ನಾಲ್ಕನೆಯದರ ನಂತರವೇ ಅಂಚನ್ನು ಕತ್ತರಿಸುವ, ಖಾಲಿ ಜಾಗವನ್ನು ಆಕಾರವಾಗಿ ಬಳಸುವ ಯೋಚನೆ ಬರುವುದು. ಬಣ್ಣ ಬೆರೆಸಿದ ಮಾದರಿಗಳನ್ನು ಬಳಿದು, ಯಾವ ಬಣ್ಣ ಎಷ್ಟು ಪಾಲು ಎಂದು ಕೆಳಗೆ ಬರೆದಿಡಿ. ಎರಡು ವಾರದ ನಂತರ ಅದೇ ಕಂದುಹಸಿರು ಬೇಕಾದಾಗ ನೆನಪು ಕೈಕೊಡುತ್ತದೆ.

ನಕಲು ಮತ್ತು ಎಐ

ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಸೃಜನ ಪ್ರಕ್ರಿಯೆಯ ಯಾವ ಹಂತದಲ್ಲೂ ಬಳಸುವಂತಿಲ್ಲ ಎಂದು ಕಾಲೇಜ್ ಬೋರ್ಡ್ ಸ್ಪಷ್ಟವಾಗಿ ಹೇಳಿದೆ. ‘ಬರೀ ಐಡಿಯಾಕ್ಕೆ’, ‘ಬರೀ ರೆಫರೆನ್ಸಿಗೆ’ ಎಂಬ ವಾದ ಇಲ್ಲಿ ನಡೆಯದು. ಇನ್ನೊಬ್ಬರ ಫೋಟೊ ಅಥವಾ ಚಿತ್ರವನ್ನು ಆಧಾರವಾಗಿ ಇಟ್ಟುಕೊಂಡರೆ ನಿಮ್ಮ ಕೆಲಸ ನಕಲನ್ನು ದಾಟಿ ಗಣನೀಯವಾಗಿ ಬೆಳೆದಿರಬೇಕು. ಇಂಟರ್ನೆಟ್ಟಿನ ಭಾವಚಿತ್ರವೊಂದನ್ನು ಪೆನ್ಸಿಲ್ಲಿನಲ್ಲಿ ಕೂದಲೆಳೆ ಬಿಡದೆ ಇಳಿಸಿದರೆ ಅದು ಎಷ್ಟೇ ಚೆನ್ನಾಗಿದ್ದರೂ ನಕಲೇ. ಮಾಧ್ಯಮ ಬದಲಾಯಿಸಿದ ಮಾತ್ರಕ್ಕೆ ಸ್ವಂತದ್ದಾಗುವುದಿಲ್ಲ. ಸುಲಭದ ದಾರಿ ಎಂದರೆ ನಿಮ್ಮದೇ ಫೋಟೊ ತೆಗೆಯುವುದು: ಒಂದೇ ದೀಪ, ಒಂದು ಪಕ್ಕದಿಂದ ಬೆಳಕು, ಹತ್ತಿಪ್ಪತ್ತು ಚಿತ್ರ. ತರಗತಿಯಲ್ಲಿ ಫೋನಿಗೆ ಅನುಮತಿ ಇರುವುದೂ ಇದಕ್ಕೆ ಮತ್ತು ಹಂತಗಳ ದಾಖಲೆಗೆ ಮಾತ್ರ.

ಸಾಮಗ್ರಿ, ಸ್ಟುಡಿಯೊ, ಸುರಕ್ಷತೆ

ಕಾಗದದಲ್ಲಿ ಜಿಪುಣತನ ಬೇಡ. 90 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಹಾಳೆಗೆ ಜಲವರ್ಣ ಹಾಕಿದರೆ ಅದು ಅಲೆಅಲೆಯಾಗಿ ಏಳುತ್ತದೆ, ಬಣ್ಣ ತಗ್ಗಿನಲ್ಲಿ ಮಡುಗಟ್ಟುತ್ತದೆ. ಜಲವರ್ಣಕ್ಕೆ 300 ಜಿಎಸ್‌ಎಂ ಹಿಡಿಯಿರಿ. ತುಂಬ ನೀರು ಬಳಸುವುದಾದರೆ ಅದನ್ನೂ ನಾಲ್ಕು ಅಂಚಿಗೆ ಟೇಪು ಹಾಕಿ ಹಲಗೆಗೆ ಬಿಗಿಯಿರಿ. ತೈಲವರ್ಣವನ್ನು ನೇರ ಕಾಗದದ ಮೇಲೆ ಹಚ್ಚಬೇಡಿ: ಅಗಸೆ ಎಣ್ಣೆ ನಾರಿನೊಳಗೆ ಇಳಿದು ಕಾಲಕ್ರಮೇಣ ಕಾಗದವನ್ನು ಹಳದಿಯಾಗಿಸಿ ಪುಡಿಪುಡಿ ಮಾಡುತ್ತದೆ. ಎರಡು ಪದರ ಗೆಸ್ಸೊ ಬಳಿದು ಒಣಗಿಸಿ ಶುರುಮಾಡಿ. ಅಕ್ರಿಲಿಕ್ ಮೇಲೆ ಎಣ್ಣೆ ಬಣ್ಣ ಹಚ್ಚಬಹುದು, ಎಣ್ಣೆಯ ಮೇಲೆ ಅಕ್ರಿಲಿಕ್ ಕೂಡದು. ಅದು ಸರಿಯಾಗಿ ಹಿಡಿಯದೆ ಪದರವಾಗಿ ಕಳಚುತ್ತದೆ. ಎಣ್ಣೆ ಬಣ್ಣದಲ್ಲೇ ಪದರಗಳಿದ್ದರೆ ಕೆಳಗಿನದರಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು. ತಿರುಗುಮುರುಗಾದರೆ ಮೇಲಿನ ಪದರ ಬೇಗ ಗಟ್ಟಿಯಾಗಿ, ಕೆಳಗಿನದು ಇನ್ನೂ ಅಲುಗಾಡುತ್ತಿರುವಾಗ ಬಿರುಕು ಬಿಡುತ್ತದೆ.

ಕುಂಚವನ್ನು ನೀರಿನ ಡಬ್ಬಿಯಲ್ಲಿ ನಿಲ್ಲಿಸಿ ಹೋಗಬೇಡಿ. ಕೂದಲು ಬಾಗುತ್ತದೆ, ಮರದ ಹಿಡಿ ನೀರು ಕುಡಿದು ಉಬ್ಬಿ ಮೇಲಿನ ಬಣ್ಣ ಸಿಪ್ಪೆಯೇಳುತ್ತದೆ, ಲೋಹದ ಕೊರಳು ಸಡಿಲವಾಗುತ್ತದೆ. ಅಕ್ರಿಲಿಕ್ ಆ ಕೊರಳಿನೊಳಗೆ ಒಣಗಿತೋ, ಕುಂಚದ ತುದಿ ಮತ್ತೆಂದೂ ಕೂಡುವುದಿಲ್ಲ. ಎಣ್ಣೆ ಬಣ್ಣವಾದರೆ ಮೊದಲು ಬಟ್ಟೆಯಲ್ಲಿ ಒರೆಸಿ, ಆಮೇಲೆ ದ್ರಾವಕ, ಕೊನೆಗೆ ಸಾಬೂನು ಮತ್ತು ಉಗುರುಬೆಚ್ಚಗಿನ ನೀರು. ಈ ಕ್ರಮ ತಪ್ಪಿಸಿದರೆ ದ್ರಾವಕದ ಖರ್ಚು ಹೆಚ್ಚು.

ಎಣ್ಣೆ ಒರೆಸಿದ ಬಟ್ಟೆಯ ವಿಷಯದಲ್ಲಿ ಮಾತ್ರ ಯಾರಿಗೂ ವಿನಾಯಿತಿ ಇಲ್ಲ. ಅಗಸೆ ಎಣ್ಣೆ ಒಣಗುವುದೆಂದರೆ ಆಮ್ಲಜನಕದೊಂದಿಗೆ ಸೇರಿ ಬಿಸಿ ಬಿಡುವುದು. ಬಟ್ಟೆ ಉಂಡೆಯಾಗಿದ್ದರೆ ಆ ಬಿಸಿ ಹೊರಹೋಗದೆ ಏರುತ್ತಾ ಹೋಗಿ, ಕಿಡಿ ತಾಗದೆಯೇ ಬೆಂಕಿ ಹತ್ತಬಹುದು. ಮುಚ್ಚಳವಿರುವ ಲೋಹದ ಡಬ್ಬಿಗೇ ಹಾಕಿ. ಸಾಮಾನ್ಯ ಕಸದ ಬುಟ್ಟಿಗೆ ಎಸೆಯಬೇಡಿ.

ಇದ್ದಿಲು ಚಿತ್ರಕ್ಕೆ ಫಿಕ್ಸೆಟಿವ್ (ಪುಡಿ ಉದುರದಂತೆ ಹಿಡಿದಿಡುವ ದ್ರವ) ಸಿಂಪಡಿಸುವುದು ಕಟ್ಟಡದ ಹೊರಗೆ ಅಥವಾ ಸ್ಪ್ರೇ ಬೂತಿನಲ್ಲಿ. ಸುಮಾರು 30 ಸೆಂ.ಮೀ. ದೂರದಿಂದ ತೆಳುವಾಗಿ ಎರಡು ಮೂರು ಸಲ. ಒಂದೇ ಸಲ ತೋಯಿಸಿದರೆ ಮಧ್ಯಮ ಛಾಯೆಗಳೆಲ್ಲ ಕಪ್ಪಿಟ್ಟು ಒಂದಾಗುತ್ತವೆ. ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಇರುವ ಬಣ್ಣವನ್ನು ಸಿಂಪಡಿಸಬಾರದು, ಒಣಗಿದ ಮೇಲೆ ಉಜ್ಜಲೂಬಾರದು, ಏಕೆಂದರೆ ಅಪಾಯವಿರುವುದು ಉಸಿರಿನೊಳಗೆ ಹೋಗುವ ಪುಡಿಯಲ್ಲಿ. ಕತ್ತರಿಸುವಾಗ ಲೋಹದ ಅಳತೆಪಟ್ಟಿ, ಕೆಳಗೆ ಕಟಿಂಗ್ ಮ್ಯಾಟ್, ಪಟ್ಟಿ ಹಿಡಿದ ಬೆರಳುಗಳು ಅಂಚಿನಿಂದ ಹಿಂದೆ. ಮೊಂಡು ಬ್ಲೇಡು ಹರಿತದ್ದಕ್ಕಿಂತ ಅಪಾಯಕಾರಿ, ಅದನ್ನು ಒತ್ತಿ ಎಳೆಯಬೇಕಾಗುತ್ತದೆ, ಒತ್ತಿದಾಗಲೇ ಜಾರುವುದು.

ಮಣ್ಣಿನ ಕೆಲಸ ಮಾಡುವವರಿಗೆ ಎರಡು ಮಾತು. ಒಣಮಣ್ಣಿನ ಧೂಳಿನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಸಿಲಿಕಾ ಇರುತ್ತದೆ, ಆದ್ದರಿಂದ ಪೊರಕೆ ನಿಷೇಧ. ಒದ್ದೆ ಸ್ಪಂಜಿನಿಂದಲೇ ಒರೆಸಬೇಕು. ಇನ್ನು ಮಣ್ಣು ಸುಡುವ ಗೂಡಿನಲ್ಲಿ ಕೃತಿ ಸಿಡಿದರೆ ಎಲ್ಲರೂ ಗಾಳಿಗುಳ್ಳೆಯನ್ನು ದೂರುತ್ತಾರೆ. ನಿಜವಾದ ಕಾರಣ ಒಳಗುಳಿದ ತೇವ. 100 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ಹಬೆಯಾಗಿ ಹಿಗ್ಗುತ್ತದೆ, ಹೊರಬರಲು ದಾರಿ ಸಿಗದಿದ್ದರೆ ಗೋಡೆ ಒಡೆಯುತ್ತದೆ, ಪಕ್ಕದವರ ಕೃತಿಯನ್ನೂ ಹಾಳುಮಾಡುತ್ತದೆ. ದಪ್ಪ ಭಾಗಗಳನ್ನು ಒಳಗಿನಿಂದ ಟೊಳ್ಳು ಮಾಡಿ, ಗೋಡೆಯ ದಪ್ಪ 1ರಿಂದ 1.5 ಸೆಂ.ಮೀ. ಒಳಗಿರಲಿ, ಒಂದು ಚಿಕ್ಕ ತೂತು ಬಿಡಿ. ಕೆನ್ನೆಗೆ ಮುಟ್ಟಿಸಿದಾಗ ತಣ್ಣಗೆ ಅನಿಸಿದರೆ ಇನ್ನೂ ಒಣಗಿಲ್ಲ. ಒಣಗಲು ಒಂದೆರಡು ವಾರ, ಆಮೇಲೆ ಎರಡು ಸುಡುವಿಕೆ. ಹೀಗಾಗಿ ಏಪ್ರಿಲ್ ಕೊನೆಯಲ್ಲಿ ಹಸಿಮಣ್ಣಿಗೆ ಕೈಹಾಕಿದವರ ಕೃತಿ ಪೋರ್ಟ್‌ಫೋಲಿಯೊಕ್ಕೆ ಸೇರುವುದು ಅನುಮಾನ. ಪ್ಲಾಸ್ಟರ್ ಸಿಂಕಿಗೆ ಸುರಿಯಬಾರದು, ಪೈಪಿನೊಳಗೇ ಕಲ್ಲಾಗುತ್ತದೆ.

ಕ್ರಿಟಿಕ್ ದಿನ

ಕ್ರಿಟಿಕ್ ಎಂದರೆ ಎಲ್ಲರೂ ಸೇರಿ ಒಬ್ಬೊಬ್ಬರ ಕೃತಿಯನ್ನು ವಿಮರ್ಶಿಸುವುದು. ಮುಗಿದಿಲ್ಲ ಎಂಬ ಕಾರಣಕ್ಕೆ ಕೃತಿಯನ್ನು ಗೋಡೆಗೆ ಹಾಕದೆ ಉಳಿಯುವಂತಿಲ್ಲ. ಅರ್ಧ ಮುಗಿದಾಗ ಬಂದ ಮಾತೇ ಹೆಚ್ಚು ಉಪಯೋಗಕ್ಕೆ ಬರುವುದು, ಮುಗಿದ ಮೇಲೆ ಬದಲಾಯಿಸುವ ಮನಸ್ಸು ಯಾರಿಗೂ ಇರುವುದಿಲ್ಲ. ಒಂದು ಕೃತಿಗೆ 10 ನಿಮಿಷವಿದ್ದರೆ ಮೊದಲ 2 ನಿಮಿಷ ಮೌನವಾಗಿ ನೋಡುವುದು. ಆಮೇಲೆ ಕಾಣುವುದನ್ನು ಮಾತ್ರ ಹೇಳುವುದು, ನಂತರ ಅದು ಹೇಗೆ ಕೆಲಸ ಮಾಡುತ್ತಿದೆ ಎಂಬುದು, ಅಭಿಪ್ರಾಯ ಕೊನೆಗೆ. ಮಾಡಿದವರು ಕೊನೆಯವರೆಗೂ ಮಾತಾಡಬಾರದು; ಅವರು ವಿವರಿಸಲು ಶುರುಮಾಡಿದರೆ ಉಳಿದವರು ಚಿತ್ರವನ್ನು ಬಿಟ್ಟು ವಿವರಣೆಗೆ ಉತ್ತರಿಸುತ್ತಾರೆ. ‘ಚೆನ್ನಾಗಿದೆ’ ಎಂಬುದಕ್ಕೆ ಬೆಲೆಯಿಲ್ಲ. ‘ಬಲ ಮೂಲೆಯ ಕೆಂಪು ಮುಖಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ’ ಎಂದರೆ ಕೈಗೆ ಕೆಲಸ ಸಿಗುತ್ತದೆ.

ಫೋಟೊ ಮತ್ತು ಬರವಣಿಗೆ

ಫ್ಲ್ಯಾಶ್ ಬೇಡ. ಕೃತಿಯನ್ನು ಗೋಡೆಗೆ ನೇರವಾಗಿ ಹಾಕಿ, ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಒಂದೇ ಬಗೆಯ ಎರಡು ದೀಪ. ದೀಪಗಳಿಲ್ಲದಿದ್ದರೆ ಮೋಡದ ದಿನ ಹೊರಗೆ ನೆರಳಿನಲ್ಲಿ ತೆಗೆಯಿರಿ. ಕಿಟಕಿಯ ಬೆಳಕು ಮತ್ತು ಟ್ಯೂಬ್‌ಲೈಟನ್ನು ಬೆರೆಸಿದರೆ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಹಳದಿಯಾಗುತ್ತದೆ, ಅದನ್ನು ಆಮೇಲೆ ತಿದ್ದುವುದು ಬಹಳ ಕಷ್ಟ. ಕ್ಯಾಮೆರಾ ಕೃತಿಯ ನಡುಮಟ್ಟಕ್ಕೆ, ಸಮಾನಾಂತರವಾಗಿ. ಫೋನ್ ಆದರೆ ಹತ್ತಿರ ಹೋಗಬೇಡಿ. ಹಿಂದೆ ಸರಿದು ಸ್ವಲ್ಪ ಜೂಮ್ ಮಾಡಿ, ಇಲ್ಲದಿದ್ದರೆ ನೇರ ಅಂಚುಗಳು ಹೊರಕ್ಕೆ ಉಬ್ಬುತ್ತವೆ. ಗಾಜು, ಚೌಕಟ್ಟು ತೆಗೆದುಬಿಡಿ. ಗಾಢ ಪೆನ್ಸಿಲ್ ಕೆಲಸ ಹೊಳೆಯುತ್ತಿದ್ದರೆ ದೀಪಗಳನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿ.

ಅನ್ವೇಷಣೆಗೆ ಎರಡು ಬರಹ: ಯಾವ ಪ್ರಶ್ನೆ ಕೆಲಸವನ್ನು ನಡೆಸಿತು, ಮತ್ತು ಅಭ್ಯಾಸ, ಪ್ರಯೋಗ, ಪರಿಷ್ಕರಣೆ ಎಲ್ಲೆಲ್ಲಿ ಕಾಣುತ್ತವೆ. ತಲಾ 600 ಅಕ್ಷರ, ನಡುವಿನ ಖಾಲಿ ಜಾಗವೂ ಸೇರಿ. ಇಂಗ್ಲಿಷಿನಲ್ಲಿ ಅದು ನೂರು ಪದದ ಆಸುಪಾಸು. ‘ಚಿಕ್ಕಂದಿನಿಂದಲೂ ಕಲೆ ಎಂದರೆ ಪ್ರಾಣ’ ಎಂಬ ಪೀಠಿಕೆಗೆ ಜಾಗವಿಲ್ಲ. ‘3ನೇ ಚಿತ್ರದಲ್ಲಿ ಇದ್ದಿಲು ವಿಪರೀತ ಮೃದುವೆನಿಸಿತು, 4ರಲ್ಲಿ ಅದೇ ಕೈಯನ್ನು ಲಿನೋಲಿಯಂನಲ್ಲಿ ಕೆತ್ತಿದೆ’ ಎಂಬಂಥ ವಾಕ್ಯ ಬರೆಯಿರಿ. ಬರೆದದ್ದು ಆ ಸಂಖ್ಯೆಯ ಚಿತ್ರದಲ್ಲಿ ಕಾಣಲೇಬೇಕು. ಕಾಣದ್ದನ್ನು ಬರೆದರೆ ಬರಹಕ್ಕೆ ಬೆಲೆ ಬರುವುದಿಲ್ಲ. ಆಯ್ದ ಕೃತಿಗಳಿಗೆ ಯೋಚನೆ, ಸಾಮಗ್ರಿ, ವಿಧಾನ ಎಂದು ತಲಾ 100 ಅಕ್ಷರವಷ್ಟೇ. ಅಳತೆಯನ್ನು ಇಂಚಿನಲ್ಲಿ, ಎತ್ತರ ಮೊದಲು, ಅಗಲ ನಂತರ ಬರೆಯಬೇಕು. ಕೃತಿ ಮುಗಿದ ದಿನವೇ ಸ್ಕೆಚ್‌ಬುಕ್ಕಿನ ಹಿಂಬದಿ ಪುಟದಲ್ಲಿ ಅಳತೆ, ಸಾಮಗ್ರಿ, ವಿಧಾನ ಮೂರನ್ನೂ ಗುರುತುಹಾಕಿಕೊಂಡರೆ ಸಲ್ಲಿಸುವ ವಾರ ಟೇಪು ಹಿಡಿದು ಕೃತಿಗಳನ್ನು ಹುಡುಕುವ ಪಾಡು ತಪ್ಪುತ್ತದೆ.