ಹತ್ತು ವರ್ಷದ ವಾಯಿದೆ: ಎಚ್-4 ಕೇಸು ನಡೆದುಬಂದ ದಾರಿ

2025ರ ಅಕ್ಟೋಬರ್ ಮಧ್ಯದಲ್ಲಿ ಹಾಸನದಿಂದ ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಒಂದು ವಾಟ್ಸ್‌ಆ್ಯಪ್ ಕರೆ. ಟಿವಿಯ ಕೆಳಗೆ ಓಡುವ ಅಕ್ಷರ ಓದಿ ಅಪ್ಪನಿಗೆ ಗಾಬರಿಯಾಗಿತ್ತು. "ಏನ್ ಪುಟ್ಟಿ, ಎಚ್-4 ಕೇಸು ಸುಪ್ರೀಂ ಕೋರ್ಟಲ್ಲಿ ಬಿದ್ದೋಯ್ತಂತಲ್ಲ, ನಿನ್ ಕೆಲ್ಸಾನೂ ಹೋಯ್ತಾ?" ಮಗಳು ನಕ್ಕು, "ಅಪ್ಪಾ, ಬಿದ್ದಿದ್ದು ನಮ್ ಕೇಸಲ್ಲ, ನಮ್ ಮೇಲೆ ಹಾಕಿದ್ ಕೇಸು" ಅಂದಳಂತೆ.

ನನ್ನ ಪರಿಚಯದ ಆ ಹೆಣ್ಣುಮಗಳು ಹೇಳಿದ್ದೂ ಪೂರ್ತಿ ಸರಿಯಲ್ಲ. ಕೇಸು ಇದ್ದದ್ದು ಅವಳ ಮೇಲಲ್ಲ, ಅಮೆರಿಕದ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ಮೇಲೆ. ಪರಿಣತ ವಿದೇಶಿ ನೌಕರರಿಗೆ ಕೊಡುವ ವೀಸಾ ಎಚ್-1ಬಿ, ಅವರ ಸಂಗಾತಿಗಳಿಗೆ ಕೊಡುವುದು ಎಚ್-4. ಎಚ್-4ರಲ್ಲಿದ್ದು ದುಡಿಯುವ ಅವಳಂಥ ಸಾವಿರಾರು ಹೆಂಗಸರ ಸಂಬಳ ಆ ಕೇಸಿನ ತುದಿಯಲ್ಲಿ ನೇತಾಡುತ್ತಿತ್ತು, ಆದರೆ ಕಕ್ಷಿದಾರರ ಪಟ್ಟಿಯಲ್ಲಿ ಶುರುವಿಗೆ ಅವರ ಕಡೆಯವರು ಯಾರೂ ಇರಲಿಲ್ಲ. ಇಷ್ಟು ಗೋಜಲಾಗಿರುವ ವಿಷಯವನ್ನು ಒಮ್ಮೆ ಬಿಡಿಸಿ ನೋಡಬೇಕು ಅನಿಸಿತು.

ಹಳೆಯ ಕಥೆ ಚಿಕ್ಕದು. 1990ರ ಕಾನೂನು ಎಚ್-1ಬಿಗೆ ಇಂದಿನ ರೂಪ ಕೊಟ್ಟಿತು. ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಎಂದೂ, ಯಾವ ದೇಶಕ್ಕೂ ಶೇ 7ಕ್ಕಿಂತ ಹೆಚ್ಚು ಪಾಲಿಲ್ಲವೆಂದೂ ಹೇಳಿತು. ಭಾರತದವರ ಸಾಲು ಬೆಳೆಯುತ್ತಲೇ ಹೋಯಿತು. ಎಚ್-1ಬಿಗೆ ಆರು ವರ್ಷದ ಮಿತಿ. ಸಾಲಿನಲ್ಲಿ ನಿಂತವರು ಆ ಮಿತಿ ದಾಟಿಯೂ ಉಳಿಯಬಹುದೆಂದು 2000ದಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಇನ್ನೊಂದು ಕಾನೂನು ಮಾಡಿತು. ಗಂಡ ಉಳಿದ, ಜೊತೆಗೆ ಎಚ್-4 ವೀಸಾದ ಹೆಂಡತಿಯೂ ಉಳಿದಳು. ಅವಳು ಓದಬಹುದು, ಕಾರು ಓಡಿಸಬಹುದು. ದುಡಿಯುವಂತಿಲ್ಲ, ಸೋಷಿಯಲ್ ಸೆಕ್ಯುರಿಟಿ ನಂಬರೂ ಇಲ್ಲ. ಬೆಂಗಳೂರಿನಲ್ಲಿ ಟೀಮ್ ಲೀಡ್ ಆಗಿದ್ದವಳಿಗೆ ಅಲ್ಲಿ ಮೊಬೈಲ್ ಸಿಮ್ ಕೂಡ ಗಂಡನ ಹೆಸರಲ್ಲೇ. ಕಂಪನಿಯೊಳಗೇ ವರ್ಗವಾಗಿ ಬರುವ ಎಲ್-1 ನೌಕರರ ಸಂಗಾತಿಗಳಿಗೆ ದುಡಿಯುವ ಹಕ್ಕನ್ನು ಕಾಂಗ್ರೆಸ್ 2002ರಲ್ಲೇ ಕೊಟ್ಟಿತ್ತು. ಎಚ್-4ರವರ ವಿಷಯದಲ್ಲಿ ಅದು ಬಾಯಿ ಬಿಡಲಿಲ್ಲ.

ಆ ಮೌನವನ್ನು ತುಂಬಲು ಹೊರಟದ್ದು ಇಲಾಖೆ. ನಮ್ಮಲ್ಲಿ ರಾಜಪತ್ರದಲ್ಲಿ ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರಲ್ಲ, ಅಲ್ಲೂ ಅದೇ ಪದ್ಧತಿ. 1946ರ ಆಡಳಿತ ವಿಧಾನ ಕಾಯ್ದೆಯಿಂದ ಬಂದದ್ದು. 2014ರ ಮೇನಲ್ಲಿ ಕರಡು ಬಂತು, 12,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು, 2015ರ ಫೆಬ್ರುವರಿಯಲ್ಲಿ ಅಂತಿಮ ನಿಯಮವಾಯಿತು, ಮೇ 26ಕ್ಕೆ ಜಾರಿ. ಗಂಡನ ಗ್ರೀನ್ ಕಾರ್ಡ್ ಹಾದಿಯ ಐ-140 ಅರ್ಜಿ ಮಂಜೂರಾಗಿದ್ದರೆ, ಇಲ್ಲವೇ ಆರು ವರ್ಷದಾಚೆಯ ವಿಸ್ತರಣೆ ಸಿಕ್ಕಿದ್ದರೆ, ಹೆಂಡತಿ ಇಎಡಿಗೆ ಅರ್ಜಿ ಹಾಕಬಹುದು. ಇಎಡಿ ಅಂದರೆ ಕೆಲಸದ ಪರವಾನಗಿ, ಡ್ರೈವಿಂಗ್ ಲೈಸೆನ್ಸಿನ ಅಳತೆಯ ಒಂದು ಪ್ಲಾಸ್ಟಿಕ್ ಕಾರ್ಡು. ಫೋಟೊ, 'ಸಿ26' ಎಂಬ ವರ್ಗ, ಗಡುವಿನ ದಿನಾಂಕ. ಎಚ್-4 ಮನೆಗಳಲ್ಲಿ ಮಕ್ಕಳ ಹುಟ್ಟಿದ ದಿನ ಮರೆತಾರು, ಆ ಗಡುವನ್ನು ಯಾರೂ ಮರೆಯುವುದಿಲ್ಲ. ಕಾರ್ಡು ಪಡೆದವರಲ್ಲಿ ಶೇ 90ಕ್ಕೂ ಹೆಚ್ಚು ಜನ ಭಾರತದಲ್ಲಿ ಹುಟ್ಟಿದವರು, ಬಹುಪಾಲು ಹೆಂಗಸರು.

ನಿಯಮ ಜಾರಿಗೆ ಬರುವ ಮೊದಲೇ, ಏಪ್ರಿಲ್‌ನಲ್ಲಿ, ವಾಷಿಂಗ್ಟನ್‌ನ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಬಿತ್ತು. ಹೂಡಿದವರು 'ಸೇವ್ ಜಾಬ್ಸ್ ಯುಎಸ್‌ಎ'. ದಕ್ಷಿಣ ಕ್ಯಾಲಿಫೋರ್ನಿಯಾದ ವಿದ್ಯುತ್ ಕಂಪನಿಯೊಂದರ ಐಟಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದವರು. ತಮ್ಮ ಜಾಗಕ್ಕೆ ಎಚ್-1ಬಿಯವರನ್ನು ತಂದರು ಎಂಬುದು ಅವರ ಅಳಲು. ಇವರನ್ನು ಖಳರನ್ನಾಗಿ ನೋಡುವುದು ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳ ರೂಢಿ. ಆದರೆ ಕೆಲಸ ಕಳೆದುಕೊಂಡವನ ಸಂಕಟ ಪಾಸ್‌ಪೋರ್ಟ್ ನೋಡಿ ಬರುವುದಿಲ್ಲ.

'ಈ ನಿಯಮದಿಂದ ದೇಶಕ್ಕೆ ಒಳ್ಳೆಯದೋ ಕೆಟ್ಟದ್ದೋ' ಎಂಬುದು ಅಲ್ಲಿನ ಕೋರ್ಟಿನ ಪ್ರಶ್ನೆಯಲ್ಲ. ಅದಕ್ಕೆ ಎರಡೇ ಪ್ರಶ್ನೆ: ಕೇಳಲು ಬಂದವನಿಗೆ ಕೇಳುವ ಹಕ್ಕಿದೆಯೇ? ಇಲಾಖೆಗೆ ಹೀಗೆ ಮಾಡುವ ಅಧಿಕಾರವನ್ನು ಕಾಂಗ್ರೆಸ್ ಕೊಟ್ಟಿದೆಯೇ? ನಮ್ಮಲ್ಲಿ ಪಿಐಎಲ್ ಬಂದ ಮೇಲೆ ಮೊದಲ ಪ್ರಶ್ನೆಯ ಬಾಗಿಲು ಅಗಲವಾಗಿದೆ, ಊರ ಕೆರೆಗಾಗಿ ಯಾರು ಬೇಕಾದರೂ ಹೈಕೋರ್ಟಿಗೆ ಹೋಗಬಹುದು. ಅಲ್ಲಿ ಹಾಗಲ್ಲ. ನನಗೇ ನೇರವಾಗಿ ಪೆಟ್ಟು ಬಿದ್ದಿದೆ ಅಥವಾ ಬೀಳಲಿದೆ ಎಂದು ತೋರಿಸಬೇಕು. ನ್ಯಾಯಾಧೀಶೆ ತಾನ್ಯಾ ಚಟ್ಕನ್ ಅವರು ಜಾರಿಗೆ ಎರಡು ದಿನ ಮುಂಚೆ ತಡೆಯಾಜ್ಞೆ ನಿರಾಕರಿಸಿದರು. 2016ರ ಸೆಪ್ಟೆಂಬರ್‌ನಲ್ಲಿ ದಾವೆ ಹೂಡುವ ಹಕ್ಕೇ ನಿಮಗಿಲ್ಲ ಎಂದು ಕೇಸು ಮುಗಿಸಿದರು. ಸೇವ್ ಜಾಬ್ಸ್‌ನವರು ಮೇಲ್ಮನವಿ ಹಾಕಿದರು.

ಮುಂದಿನ ಎರಡು ವರ್ಷವೇ ನಾನು ಹತ್ತಿರದಿಂದ ಕಂಡದ್ದು. 2017ರ ಜನವರಿಯಲ್ಲಿ ಸರ್ಕಾರ ಬದಲಾಯಿತು. ನಿನ್ನೆಯವರೆಗೆ ನಿಯಮವನ್ನು ಸಮರ್ಥಿಸುತ್ತಿದ್ದ ಸರ್ಕಾರಿ ವಕೀಲರು ಫೆಬ್ರುವರಿ 1ರಂದು ಮೇಲ್ಮನವಿ ಕೋರ್ಟಿಗೆ ಹೋಗಿ 60 ದಿನ ಸಮಯ ಕೇಳಿದರು: ಹೊಸಬರು ಬಂದಿದ್ದಾರೆ, ಯೋಚಿಸಬೇಕು. ಹಾಸನದ ತಾಲ್ಲೂಕು ಕಚೇರಿ ಸುತ್ತಿದ ಯಾರಿಗಾದರೂ ಇದರ ಅರ್ಥ ತಕ್ಷಣ ಆಗುತ್ತದೆ: ವಾಯಿದೆ. ಅರವತ್ತು ದಿನ ಮುಗಿಯಿತು, ಮತ್ತೆ ವಾಯಿದೆ. ಆ ಹೊತ್ತಿಗೆ ನಿಯಮವನ್ನೇ ರದ್ದು ಮಾಡುವ ಯೋಜನೆ ಇದೆಯೆಂದು ಇಲಾಖೆ ಹೇಳಿತ್ತು. ರದ್ದತಿಯ ಕರಡು 2018ರ ಫೆಬ್ರುವರಿಗೆ ಬರುತ್ತದೆ ಎಂದರು. ಆಮೇಲೆ ಜೂನ್ ಎಂದರು. ಸೆಪ್ಟೆಂಬರ್‌ನಲ್ಲಿ ಇನ್ನು ಮೂರು ತಿಂಗಳೊಳಗೆ ಎಂದರು. ಕೋರ್ಟಿಗೆ ಸಲ್ಲಿಸುವ ಆ ಒಂದೆರಡು ಪುಟದ ವರದಿಗಾಗಿ ಫ್ರೀಮಾಂಟ್, ಡಲ್ಲಾಸ್, ಎಡಿಸನ್ ಊರುಗಳಲ್ಲಿ ರಾತ್ರಿ ಎಚ್ಚರವಿದ್ದು ಕಾದವರಿದ್ದಾರೆ. ಮನೆ ಕೊಳ್ಳಲು ಮುಂಗಡ ಕೊಡುವುದೋ ಬೇಡವೋ? ಮಗುವನ್ನು ಡೇಕೇರ್‌ಗೆ ಸೇರಿಸುವುದೋ? ಹೊಸ ಕಂಪನಿಯ ಇಂಟರ್‌ವ್ಯೂನಲ್ಲಿ ಏನು ಹೇಳುವುದು? ನಿಯಮ ಇದ್ದಲ್ಲೇ ಇತ್ತು, ಕಾರ್ಡುಗಳು ಸಿಗುತ್ತಲೇ ಇದ್ದವು. ಆದರೂ ಬದುಕು ಅಡ್ಡಗೋಡೆಯ ಮೇಲಿನ ದೀಪದಂತಾಗಿತ್ತು. ಯಾರೂ ಯಾವ ತೀರ್ಮಾನವನ್ನೂ ಮಾಡದೆಯೇ ಒಂದು ನೀತಿ ಜಾರಿಯಲ್ಲಿತ್ತು ಎಂದರೆ ಅತಿಯಾಗಲಾರದು.

2018ರ ಕೊನೆಗೆ ಮೇಲ್ಮನವಿ ಕೋರ್ಟು ಸಾಕು ಎಂದು ಕೇಸನ್ನು ಮತ್ತೆ ಕೈಗೆತ್ತಿಕೊಂಡಿತು. ಎಚ್-4 ಕುಟುಂಬಗಳ ಪರವಾಗಿ 'ಇಮಿಗ್ರೇಶನ್ ವಾಯ್ಸ್' ಎಂಬ ಸಂಘಟನೆ ಕಕ್ಷಿಯಾಗಿ ಸೇರಿದ್ದೂ ಆಗಲೇ. 2019ರ ಫೆಬ್ರುವರಿಯಲ್ಲಿ ರದ್ದತಿಯ ಕರಡು ಶ್ವೇತಭವನದ ಬಜೆಟ್ ಕಚೇರಿಗೆ ಪರಿಶೀಲನೆಗೆ ಹೋಯಿತು. ಅಲ್ಲಿಂದ ಹೊರಗೆ ಬರಲೇ ಇಲ್ಲ. ನವೆಂಬರ್ 8ರಂದು ಕೋರ್ಟು ಕೆಳಗಿನ ತೀರ್ಪನ್ನು ತಿರುಗಿಸಿತು. ಎಚ್-1ಬಿಯವರು ದೇಶ ಬಿಟ್ಟುಹೋಗದಿರಲಿ ಎಂದೇ ಮಾಡಿದ ನಿಯಮ ಇದು, ಅವರು ಉಳಿದರೆ ಪೈಪೋಟಿ ಹೆಚ್ಚುತ್ತದೆ, ಆದ್ದರಿಂದ ದಾವೆ ಹೂಡಿದವರಿಗೆ ಕೇಳುವ ಹಕ್ಕಿದೆ ಎಂದಿತು. ಗಮನಿಸಿ: ನಾಲ್ಕೂವರೆ ವರ್ಷ ಕಳೆದು ಇತ್ಯರ್ಥವಾದದ್ದು ಮೊದಲ ಪ್ರಶ್ನೆ ಮಾತ್ರ.

2021ರ ಜನವರಿಯಲ್ಲಿ ಇನ್ನೊಮ್ಮೆ ಸರ್ಕಾರ ಬದಲಾಗಿ ರದ್ದತಿಯ ಕರಡನ್ನು ಹಿಂತೆಗೆದುಕೊಂಡಿತು. ಎರಡನೇ ಪ್ರಶ್ನೆ ಮರಳಿ ಅದೇ ಚಟ್ಕನ್ ಅವರ ಮುಂದೆ ಬಂತು. ಇಲಾಖೆಗೆ ಅಧಿಕಾರವಿದೆ ಎಂದು 2023ರ ಮಾರ್ಚ್‌ನಲ್ಲಿ ತೀರ್ಪಿತ್ತರು. ಮತ್ತೆ ಮೇಲ್ಮನವಿ. ಅಷ್ಟರಲ್ಲಿ ದೊಡ್ಡ ಗಾಳಿಯೇ ಬೀಸಿತು. ಕಾನೂನಿನ ಮಾತು ಅಸ್ಪಷ್ಟವಾಗಿದ್ದರೆ ಇಲಾಖೆ ಮಾಡಿದ ಅರ್ಥವನ್ನು ಕೋರ್ಟುಗಳು ಗೌರವಿಸಬೇಕೆಂಬ 1984ರ 'ಶೆವ್ರಾನ್' ಸೂತ್ರವನ್ನು ಸುಪ್ರೀಂ ಕೋರ್ಟು 2024ರ ಜೂನ್ 28ರಂದು ತೆಗೆದುಹಾಕಿತು. ಎಚ್-4 ಕಥೆ ಮುಗಿಯಿತು ಎಂದುಕೊಂಡವರೇ ಹೆಚ್ಚು. ಆದರೆ ಆಗಸ್ಟ್ 2ರಂದು ಮೇಲ್ಮನವಿ ಕೋರ್ಟು, ವಿದೇಶಿ ವಿದ್ಯಾರ್ಥಿಗಳು ತಮ್ಮ ಓದಿಗೆ ಸಂಬಂಧಿಸಿದಂತೆ ತಾತ್ಕಾಲಿಕವಾಗಿ ಮಾಡುವ 'ಓಪಿಟಿ' ಕೆಲಸದ ಬಗ್ಗೆ 2022ರಲ್ಲಿ ತಾನೇ ಕೊಟ್ಟ ತೀರ್ಪನ್ನು ಹಿಡಿದು ನಿಯಮವನ್ನು ಉಳಿಸಿತು.

ಉಳಿದದ್ದು ಸುಪ್ರೀಂ ಕೋರ್ಟು. ಅಲ್ಲಿ ಒಂಬತ್ತರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಬೇಕೆಂದರೆ ಮಾತ್ರ ಕೇಸು ವಿಚಾರಣೆಗೆ ಬರುತ್ತದೆ. 2025ರ ಅಕ್ಟೋಬರ್ 14ರಂದು ಅರ್ಜಿ ತಿರಸ್ಕೃತವಾಯಿತು, ಕಾರಣ ಕೊಡಲಿಲ್ಲ. ಹಾಗೆಂದರೆ ನಿಯಮ ಸರಿಯಿದೆ ಎಂದಲ್ಲ, ನಾವು ಕೇಳುವುದಿಲ್ಲ ಎಂದಷ್ಟೇ. ನಾಳೆ ಇಲಾಖೆಯೇ ಮನಸ್ಸು ಮಾಡಿ ಹೊಸ ಕರಡು ತಂದರೆ ಈ ಗೆಲುವು ಅಡ್ಡ ಬರುವುದಿಲ್ಲ.

ಇಲಾಖೆ ಸುಮ್ಮನೂ ಕೂರಲಿಲ್ಲ. ಹದಿನಾರನೇ ದಿನಕ್ಕೆ, ಅಕ್ಟೋಬರ್ 30ರಂದು, ಇನ್ನೊಂದು ನಿಯಮ ಬಂತು. ನವೀಕರಣದ ಅರ್ಜಿ ಸಕಾಲಕ್ಕೆ ಹಾಕಿದ್ದರೆ ಹಳೆಯ ಕಾರ್ಡಿನ ಮೇಲೆಯೇ, ವೀಸಾ ಅವಧಿ ಇರುವವರೆಗೆ, 540 ದಿನದ ತನಕ ಕೆಲಸ ಮುಂದುವರಿಸಬಹುದು ಎಂಬ ಅನುಕೂಲ ಅಂದಿನಿಂದ ಹಾಕುವ ಅರ್ಜಿಗಳಿಗೆ ಇಲ್ಲ. ಹೊಸ ಕಾರ್ಡು ಕೈಗೆ ಬರುವ ಮುಂಚೆ ಹಳೆಯದರ ಗಡುವು ಮುಗಿದರೆ ಅವತ್ತೇ ಕೆಲಸ ನಿಲ್ಲಿಸಬೇಕು. ಅರ್ಜಿಯನ್ನು ಗಡುವಿಗೆ 180 ದಿನಕ್ಕಿಂತ ಮೊದಲು ಹಾಕುವಂತೆಯೂ ಇಲ್ಲ.

ಸನಿವೇಲ್‌ನ ಆ ಮನೆಯ ಫ್ರಿಜ್ ಬಾಗಿಲಿಗೆ ಊರಿಂದ ತಂದ ಪಂಚಾಂಗದ ಕ್ಯಾಲೆಂಡರ್ ಅಂಟಿಸಿದೆ. ಗಡುವಿನಿಂದ ಹಿಂದಕ್ಕೆ 180 ದಿನ ಎಣಿಸಿ ಒಂದು ತಾರೀಕಿಗೆ ಕೆಂಪು ಸುತ್ತು ಹಾಕಿದ್ದಾಳೆ. ವಿಡಿಯೊ ಕರೆಯಲ್ಲಿ ಅದನ್ನು ನೋಡಿದ ಅಪ್ಪ ಕನ್ನಡಕ ಏರಿಸಿ, ಕೆಳಗಿನ ಸಣ್ಣಕ್ಷರ ಓದಿ, "ಅವತ್ತು ಹನ್ನೆರಡು ಗಂಟೆವರ್ಗೂ ರಾಹುಕಾಲ ಕಣಮ್ಮ, ಆಮೇಲ್ ಹಾಕು" ಅಂದರಂತೆ. "ನಿಮ್ ಹನ್ನೆರಡಾ, ನಮ್ ಹನ್ನೆರಡಾ?" ಎಂದು ಇವಳು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.